ಕಡಲೆ ಗಸಿ: ಹಾಲು-ತುಪ್ಪ ಸೋಕದ ಕರಾವಳಿಯ ಮೇಲೋಗರವನ್ನು ಮನೆಯಲ್ಲಿ ಮಾಡುವ ಬಗೆ

ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನು ಪೂರ್ತಿಯಾಗಿ ಬಿಟ್ಟ ವೀಗನ್ ಆಹಾರಕ್ರಮದವರು ಕಡಲೆಯ ಮೇಲೋಗರ ಮಾಡಲು ಹೊರಟಾಗ ಹೆಚ್ಚಾಗಿ ಹೋಟೆಲಿನ ಛೋಲೆಯನ್ನೇ ಮಾದರಿಯಾಗಿ ಇಟ್ಟುಕೊಂಡು, ಅದರ ಮೇಲೆ ತೇಲುವ ಬೆಣ್ಣೆಗೆ ಬದಲು ಏನು ಹಾಕುವುದು, ಕೆನೆಗೆ ಬದಲು ಏನು ಸುರಿಯುವುದು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಮನೆಗಳಲ್ಲಿ ಮಾಡುವ ಕಡಲೆ ಗಸಿಯಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಅದರ ಜಿಡ್ಡು ಮತ್ತು ಮಂದ ಎರಡೂ ತೆಂಗಿನಕಾಯಿಯಿಂದ ಬರುತ್ತವೆ, ಹುಳಿ ಹುಣಸೆಯಿಂದ ಬರುತ್ತದೆ, ಒಗ್ಗರಣೆಗೆ ಬೀಳುವುದು ತೆಂಗಿನೆಣ್ಣೆ. ಇದರಲ್ಲಿ ಗಮನವಿಟ್ಟು ಮಾಡಬೇಕಾದ ಕೆಲಸಗಳು ಎರಡೇ: ಕಡಲೆಯನ್ನು ಒಳಗಿನ ತನಕ ಬೇಯಿಸುವುದು, ಮಸಾಲೆಯನ್ನು ಸಣ್ಣ ಉರಿಯಲ್ಲಿ ಹುರಿದು ನುಣ್ಣಗೆ ರುಬ್ಬುವುದು. ಉಳಿದ ವಿಷಯಗಳಲ್ಲಿ ಮನೆಯಿಂದ ಮನೆಗೆ ಪದ್ಧತಿ ಬೇರೆಯಾಗುತ್ತದೆ, ಆಗಲಿ ಬಿಡಿ; ಆದರೆ ಈ ಎರಡರಲ್ಲಿ ಅವಸರ ಮಾಡಿದರೆ ಆಮೇಲೆ ಎಷ್ಟು ಮಸಾಲೆ ಸೇರಿಸಿದರೂ ಗಸಿ ಸರಿಹೋಗುವುದಿಲ್ಲ.

ಸಾಮಾನು

ನಾಲ್ಕು ಮಂದಿಗೆ ಒಂದು ಹೊತ್ತಿಗೆ ಸಾಕಾಗುವಷ್ಟು ಗಸಿಗೆ 200 ಗ್ರಾಂ, ಅಂದರೆ ಸುಮಾರು ಒಂದು ಲೋಟ ಒಣ ಕಡಲೆ ಬೇಕು. ಮಸಾಲೆಗೆ ಮಧ್ಯಮ ಗಾತ್ರದ ತೆಂಗಿನಕಾಯಿಯ ಒಂದು ಹೋಳಿನ ತುರಿ, ಎಂಟು ಬ್ಯಾಡಗಿ ಮೆಣಸು, ಖಾರ ಬೇಕೆನ್ನುವವರಿಗೆ ಎರಡು ಗುಂಟೂರು ಮೆಣಸು, ಒಂದೂವರೆ ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಸಣ್ಣ ಚಮಚ ಜೀರಿಗೆ, ಕಾಲು ಸಣ್ಣ ಚಮಚದಷ್ಟು ಮೆಂತ್ಯೆ, ಅಷ್ಟೇ ಸಾಸಿವೆ, ಐದಾರು ಕಾಳುಮೆಣಸು, ಕಾಲು ಸಣ್ಣ ಚಮಚ ಅರಿಶಿನ, ಒಂದು ಸಣ್ಣ ಅಡಿಕೆ ಗಾತ್ರದ ಹುಣಸೆಹಣ್ಣು, ಮೂರು ಎಸಳು ಬೆಳ್ಳುಳ್ಳಿ ಮತ್ತು ಅರ್ಧ ನೀರುಳ್ಳಿ ಹೊಂದಿಸಿಕೊಳ್ಳಬೇಕು. ಉಳಿದ ಅರ್ಧ ನೀರುಳ್ಳಿಯನ್ನು ಹೆಚ್ಚಿ ಗಸಿ ಕುದಿಯುವಾಗ ಹಾಕಲಾಗುತ್ತದೆ. ಒಗ್ಗರಣೆಗೆ ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಚಮಚ ಸಾಸಿವೆ, ಒಂದು ಒಣಮೆಣಸು, ಎರಡು ಎಸಳು ಕರಿಬೇವು ಸಾಕು. ತೆಂಗಿನೆಣ್ಣೆ ಒಟ್ಟು ಮೂರು ದೊಡ್ಡ ಚಮಚ ಬೇಕಾಗುತ್ತದೆ. ಉಪ್ಪು ಮತ್ತು ಚೂರು ಬೆಲ್ಲ ರುಚಿಗೆ ತಕ್ಕಷ್ಟು. ನೀರುಳ್ಳಿ-ಬೆಳ್ಳುಳ್ಳಿ ತಿನ್ನದವರು ಎರಡನ್ನೂ ಬಿಟ್ಟು ಒಗ್ಗರಣೆಗೆ ಚಿಟಿಕೆ ಇಂಗು ಹಾಕಿಕೊಳ್ಳಬಹುದು. ಉಡುಪಿಯ ಕಡೆ ಅಂಥ ಗಸಿಯೂ ವಾಡಿಕೆಯಲ್ಲಿದೆ.

ಗಸಿಗೆ ಹೇಳಿ ಮಾಡಿಸಿದ್ದು ಕಂದು ಬಣ್ಣದ, ಸಿಪ್ಪೆ ದಪ್ಪವಿರುವ ಸಣ್ಣ ನಾಟಿ ಕಡಲೆಯೇ ಹೊರತು ಬಿಳಿಯ ಕಾಬೂಲಿ ಕಡಲೆಯಲ್ಲ. ಕಾಬೂಲಿ ಬೇಗ ಬೇಯುತ್ತದೆ, ಮೆತ್ತಗಿರುತ್ತದೆ, ಛೋಲೆಗೆ ಅದು ಸರಿ. ಆದರೆ ಹುರಿದ ಮೆಣಸು ಮತ್ತು ತೆಂಗಿನ ಗಟ್ಟಿ ಮಸಾಲೆಯ ಎದುರು ನಾಟಿ ಕಡಲೆಯ ಮಣ್ಣಿನ ವಾಸನೆ ಬೆರೆತ ರುಚಿ ನಿಲ್ಲುವಂತೆ ಅದರ ರುಚಿ ನಿಲ್ಲುವುದಿಲ್ಲ. ಕರಾವಳಿಯಲ್ಲಿ ಕಡಲೆ ಬೆಳೆಯುವುದಿಲ್ಲ. ಅಲ್ಲಿನ ಅಂಗಡಿಗಳಿಗೆ ಅದು ಬರುವುದು ಘಟ್ಟದ ಮೇಲಿನಿಂದ. ಕಲಬುರಗಿ, ವಿಜಯಪುರ, ಗದಗ, ಧಾರವಾಡದ ಕಪ್ಪು ನೆಲದಲ್ಲಿ ಹಿಂಗಾರಿಗೆ ಬಿತ್ತಿದ ಕಡಲೆ ಫೆಬ್ರವರಿ-ಮಾರ್ಚ್ ಹೊತ್ತಿಗೆ ಒಕ್ಕಣೆಯಾಗುತ್ತದೆ. ಆ ಭಾಗದ ಹಳೆಯ ಹೆಸರಾಂತ ತಳಿಯಾದ ಅಣ್ಣಿಗೇರಿಯನ್ನು ಈಗಲೂ ಕೆಲವರು ಕೇಳಿ ತರುತ್ತಾರೆ. ಕೊಳ್ಳುವಾಗ ತಳಿಗಿಂತಲೂ ಮುಖ್ಯವಾಗಿ ನೋಡಬೇಕಾದದ್ದು ಬೆಳೆಯ ವಯಸ್ಸನ್ನು. ಸೆಕೆ ಮತ್ತು ತೇವದಲ್ಲಿ ಬಹಳ ದಿನ ಕೂತ ಕಡಲೆಯ ಒಳಗೆ ಆಗುವ ಬದಲಾವಣೆಗಳಿಂದ ಅದು ಎಷ್ಟು ನೆನೆಸಿದರೂ, ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಬಣ್ಣ ಮಂಕಾದ, ಮೇಲೆ ಹುಡಿ ಹತ್ತಿದ, ತೂತುಗಳು ಕಾಣುವ ಕಡಲೆಯನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ತರಬಾರದು.

ನೆನೆಹಾಕುವುದು ಮತ್ತು ಬೇಯಿಸುವುದು

ರಾತ್ರಿ ಕಡಲೆಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ಅದರ ನಾಲ್ಕರಷ್ಟು ನೀರು ಹಿಡಿಯುವ ಅಗಲ ಪಾತ್ರೆಯಲ್ಲಿ ನೆನೆಹಾಕಬೇಕು, ಏಕೆಂದರೆ ಬೆಳಗಾಗುವಷ್ಟರಲ್ಲಿ ಅದು ಎರಡು ಪಟ್ಟಿಗಿಂತ ಹೆಚ್ಚು ಉಬ್ಬಿರುತ್ತದೆ. ನಾಟಿ ಕಡಲೆಗೆ ಹತ್ತು ಗಂಟೆ ಬೇಕು. ಚಳಿಗಾಲದಲ್ಲಿ ಹನ್ನೆರಡಾದರೂ ಅಡ್ಡಿಯಿಲ್ಲ. ನೆನೆಹಾಕುವ ನೀರಿಗೇ ಒಂದು ಸಣ್ಣ ಚಮಚ ಉಪ್ಪು ಹಾಕುವುದು ಒಳ್ಳೆಯದು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆಯಾದರೂ ಕಡಲೆಯ ವಿಷಯದಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ. ಸಿಪ್ಪೆಯ ಪೆಕ್ಟಿನ್ ಅನ್ನು ಬಿಗಿಯಾಗಿ ಹಿಡಿದಿಡುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಶಗಳ ಜಾಗಕ್ಕೆ ಉಪ್ಪಿನ ಸೋಡಿಯಂ ಬಂದು ಕೂರುವುದರಿಂದ ಸಿಪ್ಪೆ ಮೆದುವಾಗುತ್ತದೆ, ಬೇಯುವಾಗ ಒಡೆದು ಬಿಚ್ಚಿಕೊಳ್ಳುವುದೂ ಕಡಿಮೆಯಾಗುತ್ತದೆ. ಬೋರ್‌ವೆಲ್ ನೀರು ಗಡುಸಾಗಿರುವ ಊರುಗಳಲ್ಲಿ ಕಡಲೆ ಬೇಯದಿರಲು ಆ ನೀರಿನ ಕ್ಯಾಲ್ಸಿಯಂ ಕೂಡ ಒಂದು ಕಾರಣ. ಅಲ್ಲಿ ನೆನೆಸಲು ಮತ್ತು ಬೇಯಿಸಲು ಶುದ್ಧೀಕರಿಸಿದ ಕುಡಿಯುವ ನೀರನ್ನೇ ಬಳಸುವುದು ಲೇಸು.

ಅಡುಗೆ ಸೋಡಾದ ಬಗ್ಗೆ ಒಂದು ಮಾತು ಹೇಳಲೇಬೇಕು. ಚಿಟಿಕೆ ಸೋಡಾ ಕಡಲೆಯನ್ನು ಬೇಗ ಮೆದು ಮಾಡುವುದು ನಿಜ, ಹಾಗೆಂದು ಕೈಗೆ ಬಂದಷ್ಟು ಹಾಕಿದರೆ ಸಾಬೂನಿನಂಥ ರುಚಿ ಬರುತ್ತದೆ, ಕಾಳಿನಲ್ಲಿರುವ ಬಿ1 ಜೀವಸತ್ವವೂ ಹಾಳಾಗುತ್ತದೆ. ಹೊಸ ಕಡಲೆಗೆ ಅದರ ಅಗತ್ಯವೇ ಇಲ್ಲ. ಹಳೆಯ ಕಡಲೆಯೇ ಗತಿಯಾದಾಗ ಮಾತ್ರ, ಒಂದು ಲೋಟ ಕಾಳಿಗೆ ಎರಡು ಬೆರಳಿನ ತುದಿಗೆ ಹತ್ತುವಷ್ಟು ಸೋಡಾವನ್ನು ನೆನೆಹಾಕುವ ನೀರಿಗೆ ಹಾಕಿ, ಬೆಳಗ್ಗೆ ಚೆನ್ನಾಗಿ ತೊಳೆದುಬಿಡಬೇಕು.

ನೆನೆಸಿದ ನೀರನ್ನು ಚೆಲ್ಲಬೇಕು. ಹೊಟ್ಟೆಯಲ್ಲಿ ವಾಯು ತುಂಬಿಸುವ ಸಕ್ಕರೆ ಅಂಶಗಳಲ್ಲಿ ಒಂದಷ್ಟು ಆ ನೀರಿಗೆ ಇಳಿದಿರುತ್ತದೆ. ಕಡಲೆಯನ್ನು ಕುಕ್ಕರಿಗೆ ಹಾಕಿ, ಅದರ ಮೇಲೆ ಎರಡು ಬೆರಳು ನಿಲ್ಲುವಷ್ಟು ಹೊಸ ನೀರು, ಅರ್ಧ ಸಣ್ಣ ಚಮಚ ಉಪ್ಪು ಮತ್ತು ಕೆಲವು ಹನಿ ಎಣ್ಣೆ ಹಾಕಬೇಕು. ಬೇಳೆಕಾಳು ಬೇಯುವಾಗ ನೊರೆ ಏಳುವುದರಿಂದ ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬಬಾರದು. ನೊರೆ ಹೋಗಿ ಸೀಟಿಯ ತೂತಿಗೆ ಕಟ್ಟಿಕೊಂಡರೆ ಅಪಾಯ, ಆ ನೊರೆಯನ್ನು ತಗ್ಗಿಸಲೆಂದೇ ಎಣ್ಣೆ. ಹುಣಸೆಯನ್ನಾಗಲಿ ಟೊಮೆಟೊವನ್ನಾಗಲಿ ಈ ಹಂತದಲ್ಲಿ ಸೇರಿಸಕೂಡದು, ಹುಳಿ ಇದ್ದಲ್ಲಿ ಸಿಪ್ಪೆ ಮೆದುವಾಗಲು ಹಠ ಮಾಡುತ್ತದೆ.

ಎಷ್ಟು ಸೀಟಿ ಎಂದು ಎಲ್ಲರೂ ಕೇಳುತ್ತಾರೆ. ಕುಕ್ಕರ್, ಒಲೆ, ಉರಿ ಮೂರೂ ಮನೆಮನೆಗೆ ಬೇರೆಯಾಗಿರುವಾಗ ಸೀಟಿಯ ಲೆಕ್ಕಕ್ಕಿಂತ ಹೊತ್ತಿನ ಲೆಕ್ಕವೇ ನಂಬಿಕೆಗೆ ಅರ್ಹ. ದೊಡ್ಡ ಉರಿಯಲ್ಲಿ ಮೊದಲ ಸೀಟಿ ಬಂದ ಕೂಡಲೇ ಉರಿಯನ್ನು ಸಣ್ಣ ಮಾಡಿ, ನೆನೆದ ನಾಟಿ ಕಡಲೆಯನ್ನು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ, ಕಾಬೂಲಿಯಾದರೆ ಸುಮಾರು ಹದಿನೈದು ನಿಮಿಷ ಹಾಗೆಯೇ ಬಿಟ್ಟು, ಒಲೆ ಆರಿಸಿದ ಮೇಲೆ ಆವಿ ತಾನಾಗಿ ಇಳಿಯುವ ತನಕ ಕಾಯಬೇಕು. ಆವಿಯನ್ನು ಒತ್ತಾಯದಿಂದ ಬಿಟ್ಟರೆ ಒಳಗಿನ ನೀರು ಒಮ್ಮೆಲೇ ಭರ್ರನೆ ಕುದಿದು ಸಿಪ್ಪೆಗಳು ಒಡೆದುಹೋಗುತ್ತವೆ. ಕುಕ್ಕರ್ ಇಲ್ಲದವರು ತೆರೆದ ಪಾತ್ರೆಯಲ್ಲಿ ಒಂದೂವರೆ ಗಂಟೆಯಿಂದ ಎರಡು ಗಂಟೆ ಬೇಯಿಸಬೇಕಾದೀತು, ನಡುನಡುವೆ ಬಿಸಿನೀರು ಸೇರಿಸುತ್ತ.

ಬೆಂದಿದೆಯೇ ಎಂದು ತಿಳಿಯಲು ಒಂದು ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತಬೇಕು. ಸರಿಯಾಗಿ ಬೆಂದ ಕಡಲೆ ಮೊದಲು ಒಂದಿಷ್ಟು ತಡೆದು, ಆಮೇಲೆ ಎರಡು ಬೇಳೆಗಳೂ ಒಟ್ಟಿಗೆ ಕುಸಿದು, ಬೆರಳಿಗೆ ನಯವಾದ ಹಿಟ್ಟಿನಂತೆ ಹತ್ತುತ್ತದೆ. ಸಿಪ್ಪೆ ಮಾತ್ರ ಹಾಳೆಯಂತೆ ಪ್ರತ್ಯೇಕವಾಗಿ ಉಳಿಯುತ್ತದೆ. ಬೇಳೆ ಜಾರಿ ಎರಡು ತುಂಡಾಗಿ ಸಿಡಿದರೆ, ಅಥವಾ ಹಿಟ್ಟಿನ ನಡುವೆ ಸಣ್ಣ ರವೆಯಂಥದ್ದು ಬೆರಳಿಗೆ ಸಿಕ್ಕರೆ ಇನ್ನೂ ಹತ್ತು ನಿಮಿಷ ಬೇಯಿಸಬೇಕು. ಒಂದು ಕಾಳನ್ನು ನೋಡಿ ತೀರ್ಮಾನಿಸದೆ, ತಳದ್ದು ಮೇಲಿನದ್ದು ಎಂದು ನಾಲ್ಕೈದನ್ನು ನೋಡುವುದು ಒಳ್ಳೆಯದು. ಬೇಯಿಸಿದ ನೀರನ್ನು ಮಾತ್ರ ಯಾವ ಕಾರಣಕ್ಕೂ ಚೆಲ್ಲಬಾರದು, ಗಸಿಗೆ ಬೇಕಾದ ನೀರೇ ಅದು.

ಮಸಾಲೆ

ಗಸಿಯ ಕೆಂಪು ಬ್ಯಾಡಗಿ ಮೆಣಸಿನದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಈ ಮೆಣಸಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಸುಕ್ಕುಸುಕ್ಕಾಗಿ ಗಾಢ ಕೆಂಪಾಗಿರುವ ಇದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ, ಹಾಗಾಗಿ ಹತ್ತು ಮೆಣಸು ಹಾಕಿದರೂ ಊಟ ಮಾಡುವವರ ಕಣ್ಣಲ್ಲಿ ನೀರು ಬರುವುದಿಲ್ಲ. ಮೆಣಸಿನ ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವಂಥದ್ದಾದ್ದರಿಂದ ಅದನ್ನು ಬರಿದೇ ಬಾಣಲೆಯಲ್ಲಿ ಬಿಸಿ ಮಾಡುವುದಕ್ಕಿಂತ ಒಂದು ಚಮಚ ತೆಂಗಿನೆಣ್ಣೆಯಲ್ಲಿ ಹುರಿಯುವುದೇ ಸರಿ. ಮೆಣಸು ಉಬ್ಬಿ, ಗರಿಗರಿಯಾಗಿ, ಬಣ್ಣ ಒಂದಿಷ್ಟು ತಿಳಿಯಾದ ಕೂಡಲೇ ತೆಗೆದು ತಟ್ಟೆಗೆ ಹಾಕಬೇಕು. ಕಪ್ಪು ಕಲೆ ಬಿದ್ದರೆ ಗಸಿ ಕಂದಾಗಿ, ಗಂಟಲಲ್ಲಿ ಘಾಟು ನಿಲ್ಲುತ್ತದೆ.

ಅದೇ ಬಾಣಲೆಯಲ್ಲಿ ಸಣ್ಣ ಉರಿಯಿಟ್ಟು ಮೊದಲು ಕೊತ್ತಂಬರಿ ಬೀಜವನ್ನೂ ಕಾಳುಮೆಣಸನ್ನೂ ಹಾಕಬೇಕು. ಕೊತ್ತಂಬರಿ ಪರಿಮಳ ಬಿಡತೊಡಗಿದಾಗ ಮೆಂತ್ಯೆ, ಅದರ ಹಿಂದೆಯೇ ಸಾಸಿವೆ, ಕೊನೆಗೆ ಜೀರಿಗೆ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಜೀರಿಗೆ ಸೀದುಹೋಗುವಷ್ಟರಲ್ಲಿ ಕೊತ್ತಂಬರಿ ಇನ್ನೂ ಹಸಿಯಾಗಿರುತ್ತದೆ. ಇವುಗಳಲ್ಲಿ ಕಣ್ಣು ತೆಗೆಯದೆ ನೋಡಬೇಕಾದದ್ದು ಮೆಂತ್ಯೆಯನ್ನು. ಮಾಸಲು ಹಳದಿಯ ಕಾಳು ಮೊದಲು ಹೊಂಬಣ್ಣಕ್ಕೆ ತಿರುಗುತ್ತದೆ, ಬಳಿಕ ಸುಟ್ಟ ಇಟ್ಟಿಗೆಯ ಕೆಂಪಿಗೆ ಬರುತ್ತದೆ. ಈ ಎರಡು ಬಣ್ಣಗಳ ನಡುವೆ ಸಿಗುವ ಹೊತ್ತು ಬಹಳ ಕಡಿಮೆ. ಹೊಂಬಣ್ಣದ ಮೆಂತ್ಯೆ ಗಸಿಗೆ ಮನೆಯೆಲ್ಲ ತುಂಬುವ ಪರಿಮಳ ಕೊಡುತ್ತದೆ, ಕೆಂಪಾದದ್ದು ಇಡೀ ಪಾತ್ರೆಯನ್ನು ಕಹಿ ಮಾಡುತ್ತದೆ. ಬಾಣಲೆ ಕಾದೇ ಇರುವುದರಿಂದ ಒಲೆ ಆರಿಸಿದರಷ್ಟೇ ಸಾಲದು, ಕಾಳುಗಳನ್ನು ಕೂಡಲೇ ತಟ್ಟೆಗೆ ಸುರಿಯಬೇಕು.

ತೆಂಗಿನ ತುರಿಯನ್ನು ಹುರಿಯಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ಹಸಿ ತುರಿಯಲ್ಲಿ ಮಾಡಿದ ಗಸಿ ತಿಳಿ ಕೆಂಪಾಗಿ, ಸ್ವಲ್ಪ ಸಿಹಿಯಾಗಿ, ನೀರುದೋಸೆಗೆ ಚೆನ್ನಾಗಿ ಹೊಂದುತ್ತದೆ. ತುರಿಯನ್ನು ಕೆಂಪಗೆ ಹುರಿದು ಮಾಡಿದರೆ ಕಂದು ಬಣ್ಣದ, ಎಣ್ಣೆ ಬಿಡುವ ಭಾರವಾದ ಮೇಲೋಗರವಾಗುತ್ತದೆ. ಕಡಲೆಗೆ ಇವೆರಡರ ನಡುವಿನದು ಸರಿಯೆಂಬುದು ನನ್ನ ಎಣಿಕೆ: ಅರ್ಧ ನೀರುಳ್ಳಿಯನ್ನು ಸೀಳಿ ಎಣ್ಣೆಯಲ್ಲಿ ಮೆತ್ತಗಾಗುವ ತನಕ ಬಾಡಿಸಿ, ಅದಕ್ಕೆ ತುರಿ ಹಾಕಿ, ತೇವ ಆರಿ ತುರಿಯ ಅಂಚು ಮಾತ್ರ ಬಣ್ಣ ಬದಲಿಸುವ ತನಕ ಎರಡು ಮೂರು ನಿಮಿಷ ಕೈಯಾಡಿಸಿದರೆ ಸಾಕು. ಹೊರದೇಶದಲ್ಲಿ ಇರುವವರಿಗೆ ಭಾರತೀಯ ಅಂಗಡಿಗಳಲ್ಲಿ ಸಿಗುವ ಶೀತಲೀಕರಿಸಿದ ತುರಿಯೇ ಒಳ್ಳೆಯದು, ಅದನ್ನು ಪೂರ್ತಿ ಕರಗಿಸಿಕೊಂಡು ಬಳಸಬೇಕು. ಒಣ ಕೊಬ್ಬರಿ ಪುಡಿಯೇ ಇದ್ದರೆ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ರುಬ್ಬಬಹುದು, ರುಚಿ ಮಾತ್ರ ಒಂದು ಮೆಟ್ಟಿಲು ಕೆಳಗೇ ಇರುತ್ತದೆ.

ಹುರಿದದ್ದೆಲ್ಲ ತಣಿದ ಮೇಲೆ ಮೆಣಸು ಮತ್ತು ಕಾಳುಗಳನ್ನು ಮೊದಲು ಒಣಗಿಯೇ ಪುಡಿ ಮಾಡಿ, ಆಮೇಲೆ ತುರಿ, ಹಸಿ ಬೆಳ್ಳುಳ್ಳಿ, ಅರಿಶಿನ ಮತ್ತು ಹುಣಸೆ ಸೇರಿಸಿ ಸ್ವಲ್ಪಸ್ವಲ್ಪವೇ ನೀರು ಹಾಕುತ್ತ ರುಬ್ಬಬೇಕು. ಒಮ್ಮೆಗೇ ನೀರು ಸುರಿದರೆ ಮಿಕ್ಸರಿನ ಬ್ಲೇಡಿಗೆ ತುರಿ ಸಿಗದೆ ತಪ್ಪಿಸಿಕೊಂಡು ತಿರುಗುತ್ತದೆ, ಮಸಾಲೆ ನೀರಾಗುತ್ತದೆಯೇ ಹೊರತು ನುಣ್ಣಗಾಗುವುದಿಲ್ಲ. ಎರಡು ಬೆರಳಿನ ನಡುವೆ ತಿಕ್ಕಿದಾಗ ತರಿ ಸಿಗದಿರುವುದೇ ಗುರುತು. ಕಡೆಯುವ ಕಲ್ಲು ಇರುವ ಮನೆಯವರಿಗೆ ಇದನ್ನೆಲ್ಲ ಹೇಳುವ ಅಗತ್ಯವಿಲ್ಲ.

ಕೂಡಿಸುವುದು

ದಪ್ಪ ತಳದ ಪಾತ್ರೆಯಲ್ಲಿ ಬೆಂದ ಕಡಲೆಯನ್ನೂ ಅದರ ನೀರನ್ನೂ ಹೆಚ್ಚಿದ ಉಳಿದ ನೀರುಳ್ಳಿಯೊಡನೆ ಕುದಿಗೆ ಇಟ್ಟು, ಒಂದು ಸೌಟು ಕಡಲೆಯನ್ನು ಪಾತ್ರೆಯ ಬದಿಗೆ ಒತ್ತಿ ಜಜ್ಜಿಬಿಡಬೇಕು, ಇದರಿಂದ ಗಸಿ ತಾನಾಗಿ ಮಂದವಾಗುತ್ತದೆ. ಐದು ನಿಮಿಷ ಕುದಿದ ಮೇಲೆ ಮಸಾಲೆ ಹಾಕಿ, ಮಿಕ್ಸರ್ ಜಾರನ್ನು ತೊಳೆದ ನೀರನ್ನೂ ಸೇರಿಸಿ, ಉಪ್ಪು-ಬೆಲ್ಲ ನೋಡಿಕೊಂಡು ಮಧ್ಯಮ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕುದಿಸಬೇಕು. ಕಡಲೆಗೆ ಆಗಲೇ ಉಪ್ಪು ಬಿದ್ದಿರುವುದರಿಂದ ಕೈ ಬಿಗಿಹಿಡಿಯುವುದು ಕ್ಷೇಮ. ಹುಣಸೆ ಮತ್ತು ಬೆಳ್ಳುಳ್ಳಿಯ ಹಸಿ ವಾಸನೆ ಹೋಗಿ, ಗುಳ್ಳೆಗಳು ಸಣ್ಣದಾಗಿ ಏಳುವುದನ್ನು ಬಿಟ್ಟು ಪಾತ್ರೆಯ ನಡುವೆ ನಿಧಾನವಾಗಿ ದಪ್ಪಗೆ ಒಡೆಯತೊಡಗಿ, ಅಂಚಿನಲ್ಲಿ ಕೆಂಪು ಎಣ್ಣೆಯ ಸಣ್ಣ ಬೊಟ್ಟುಗಳು ಕಾಣಿಸಿಕೊಂಡರೆ ಕುದಿದದ್ದು ಸಾಕು. ಸೌಟಿನಿಂದ ಸುರಿದಾಗ ಸಾರಿನಂತೆ ಹರಿದುಹೋಗದೆ, ಪಲ್ಯದಂತೆ ತುಂಡಾಗಿ ಬೀಳದೆ, ಕಡಲೆಯನ್ನು ಹೊತ್ತುಕೊಂಡು ಇಳಿಯುವ ಹದ ಗಸಿಯದು. ತಣಿದಾಗ ಅದು ಇನ್ನೂ ಗಟ್ಟಿಯಾಗುವುದರಿಂದ ಒಲೆಯ ಮೇಲಿರುವಾಗ ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗೇ ಇರಲಿ.

ಒಗ್ಗರಣೆಗೆ ಉಳಿದ ತೆಂಗಿನೆಣ್ಣೆ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಒಣಮೆಣಸು ಮತ್ತು ಜಜ್ಜಿದ ಬೆಳ್ಳುಳ್ಳಿ ಹಾಕಿ, ಬೆಳ್ಳುಳ್ಳಿಯ ಅಂಚು ಕೆಂಪಾಗುವ ತನಕ ಕಾದು, ಕರಿಬೇವು ಹಾಕಿದ ಕೂಡಲೇ ಗಸಿಗೆ ಸುರಿದು ಮುಚ್ಚಳ ಮುಚ್ಚಬೇಕು. ಮುಚ್ಚಿ ಹತ್ತು ನಿಮಿಷವಾದರೂ ಬಿಡದೆ ಬಡಿಸಿದರೆ ಒಗ್ಗರಣೆ ಮೇಲೆಯೇ ಉಳಿದುಬಿಡುತ್ತದೆ. ತೆಂಗಿನೆಣ್ಣೆಯ ವಾಸನೆ ಹಿಡಿಸದವರು ಶೇಂಗಾ ಎಣ್ಣೆ ಬಳಸಬಹುದು. ಹಾಗೆ ಮಾಡಿದ ಗಸಿ ಕೆಡುವುದಿಲ್ಲ, ಆದರೆ ಮಂಗಳೂರಿನದಾಗಿ ಉಳಿಯುವುದೂ ಇಲ್ಲ.

ಇದೇ ಮಸಾಲೆಯಿಂದ ಇನ್ನೂ ಕೆಲವು ಅಡುಗೆಗಳಾಗುತ್ತವೆ. ಉದ್ದುದ್ದ ಸೀಳಿದ ತೊಂಡೆಕಾಯಿಯನ್ನು ಬೇರೆಯಾಗಿ ಬೇಯಿಸಿ ಕಡಲೆಯೊಂದಿಗೆ ಸೇರಿಸಿದರೆ ತುಳುವರ ಮನೋಳಿ-ಕಡ್ಲೆ. ಬೇಸಗೆಯ ಮೊದಲ ತಿಂಗಳುಗಳಲ್ಲಿ ಎಳೆ ಹಲಸಿನಕಾಯಿ, ಅಂದರೆ ಗುಜ್ಜೆ ಸಿಕ್ಕಿದರೆ ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ಸಿಪ್ಪೆ ಹೆರೆದು, ಹೋಳುಗಳನ್ನು ಉಪ್ಪುನೀರಿನಲ್ಲಿ ಬೇಯಿಸಿ ಕಡಲೆಗೆ ಕೂಡಿಸಬಹುದು. ಕೋಳಿ ಬಿಟ್ಟವರಿಗೆ ಅದರ ನಾರುನಾರಾದ ಹೋಳು ಬಹಳ ಮೆಚ್ಚುಗೆಯಾಗುತ್ತದೆ. ನೀರು ಕಡಿಮೆ ಮಾಡಿ, ತುರಿಯನ್ನು ನುಣ್ಣಗೆ ರುಬ್ಬದೆ ತರಿತರಿಯಾಗಿ ತಿರುಗಿಸಿ ಹಾಕಿದರೆ ಗಸಿಯ ಬದಲು ಸುಕ್ಕ ಆಗುತ್ತದೆ.

ಜೊತೆಗೆ ಏನನ್ನು ಬಡಿಸುತ್ತೇವೆ ಎಂಬುದನ್ನು ವೀಗನ್ ಆದವರು ತುಸು ಎಚ್ಚರದಿಂದ ನೋಡಬೇಕು, ಏಕೆಂದರೆ ಹಾಲು-ತುಪ್ಪ ಒಳನುಸುಳುವುದು ಹೆಚ್ಚಾಗಿ ಅಲ್ಲಿಂದ. ನಾನ್ ಮತ್ತು ಭಟೂರೆಯ ಹಿಟ್ಟಿಗೆ ಮೊಸರು ಬಿದ್ದಿರುತ್ತದೆ, ಹೋಟೆಲಿನ ಪರೋಟಾಕ್ಕೆ ಕೆಲವೆಡೆ ಹಾಲು-ಮೊಟ್ಟೆ ಸೇರಿರುತ್ತದೆ, ಚಪಾತಿಗೆ ತುಪ್ಪ ಸವರಿರುತ್ತಾರೆ. ಅಕ್ಕಿ, ನೀರು, ಉಪ್ಪುಗಳಷ್ಟೇ ಇರುವ ನೀರುದೋಸೆ, ಸೇಮಿಗೆ ಅಂದರೆ ಒತ್ತು ಶ್ಯಾವಿಗೆ, ಪುಂಡಿ ಅಂದರೆ ಅಕ್ಕಿ ತರಿಯ ಉಂಡೆ ಕಡುಬು ಮತ್ತು ಗರಿಗರಿ ಅಕ್ಕಿ ರೊಟ್ಟಿಗೆ ಅಂಥ ಚಿಂತೆಯಿಲ್ಲ. ರೊಟ್ಟಿಯ ಮೇಲೆ ಬಿಸಿ ಗಸಿ ಸುರಿದು ಅದು ಅರೆ ಮೆತ್ತಗಾದಾಗ ತಿನ್ನುವುದು ವಾಡಿಕೆ. ಕುಚ್ಚಲಕ್ಕಿ ಅನ್ನವಾದರೆ ಊಟವೇ ಆಯಿತು, ಕಾಳಿನ ಪ್ರೋಟೀನಿನಲ್ಲಿ ಕಡಿಮೆಯಿರುವುದು ಅಕ್ಕಿಯಲ್ಲಿದೆ, ಅಕ್ಕಿಯಲ್ಲಿ ಕಡಿಮೆಯಿರುವುದು ಕಾಳಿನಲ್ಲಿದೆ. ಒಣ ಕಡಲೆಯಲ್ಲಿ ನೂರು ಗ್ರಾಮಿಗೆ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ, ಕಬ್ಬಿಣದ ಅಂಶವೂ ಚೆನ್ನಾಗಿದೆ. ಆ ಕಬ್ಬಿಣ ಮೈಗೆ ಹತ್ತಬೇಕಾದರೆ ಊಟದೊಂದಿಗೆ ನಿಂಬೆಹಣ್ಣಿನ ಹೋಳಿರಬೇಕು, ಊಟದ ಬೆನ್ನಿಗೇ ಚಹಾ ಕುಡಿಯಬಾರದು. ಬಿ12 ಮಾತ್ರ ಕಡಲೆಯಿಂದ ಸಿಗುವುದಿಲ್ಲ, ಅದಕ್ಕೆ ವೈದ್ಯರನ್ನು ಕೇಳಿ ಬೇರೆ ದಾರಿ ಮಾಡಿಕೊಳ್ಳಬೇಕು.

ತೆಂಗಿನ ಮಸಾಲೆಯ ಅಡುಗೆ ಸೆಕೆಗೆ ಬೇಗ ಹಳಸುವುದರಿಂದ ಉಳಿದ ಗಸಿಯನ್ನು ತಣಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಬೇಕು. ಮರುದಿನ ಬಿಸಿ ಮಾಡುವಾಗ ಕಾಲು ಲೋಟ ಬಿಸಿನೀರು ಹಾಕಿ ಹದಕ್ಕೆ ತಂದುಕೊಳ್ಳಬಹುದು. ಬೆಂದ ಕಡಲೆಯನ್ನು ಮಸಾಲೆಯಿಲ್ಲದೆ ಅದರ ನೀರಿನೊಂದಿಗೇ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟರೆ ಒಂದೆರಡು ತಿಂಗಳು ಇರುತ್ತದೆಯಾದ್ದರಿಂದ, ನೆನೆಹಾಕುವಾಗಲೇ ಎರಡು ಲೋಟ ಹಾಕಿ ಅರ್ಧವನ್ನು ಹೀಗೆ ಎತ್ತಿಟ್ಟುಕೊಳ್ಳುವುದು ಒಳ್ಳೆಯದು. ಅದರಲ್ಲೇ ಒಂದು ಹಿಡಿ ತೆಗೆದು ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟು, ಹಸಿ ತುರಿ ಉದುರಿಸಿದರೆ ಮಂಗಳೂರಿನಲ್ಲಿ ಬೆಳಗಿನ ಹೊತ್ತು ಬಜಿಲ್, ಅಂದರೆ ಅವಲಕ್ಕಿಯೊಂದಿಗೆ ಕೊಡುವ ಒಣ ಕಡ್ಲೆಯೂ ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ.